ಹೊಗೆ ಸಾಸೇಜಾ, ಪಂದಿ ಕರಿಯಾ, ಒಲೆ ಮೇಲಿನ ಒಣ ಮಾಂಸವಾ? ಕೊಡಗಿನ ಅಡುಗೆಮನೆಗೊಂದು ಹೋಲಿಕೆ

ನಮ್ಮ ಮನೆಗೆ ಹಂದಿ ಮಾಂಸ ನಾಲ್ಕು ರೂಪದಲ್ಲಿ ಬರುತ್ತದೆ. ಭಾನುವಾರ ಅಂಗಡಿಯಿಂದ ತಂದ ಹಸಿ ಮಾಂಸ ಪಂದಿ ಕರಿ ಆಗುತ್ತದೆ. ಊರಿನಿಂದ ಅವ್ವ ಕಳಿಸುವ, ಒಲೆಯ ಮೇಲೆ ಹೊಗೆಯಲ್ಲಿ ಒಣಗಿಸಿದ ತುಂಡುಗಳು ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಇರುತ್ತವೆ. ಬಾಟಲಿಯಲ್ಲಿ ಹಂದಿ ಉಪ್ಪಿನಕಾಯಿ ಇದ್ದೇ ಇದೆ. ಈಗ ಕೆಲವು ವರ್ಷದಿಂದ ಫ್ರೀಜರಿನಲ್ಲಿ ಹೊಗೆ ಹಾಕಿದ ಸಾಸೇಜ್ ಪ್ಯಾಕೆಟ್ಟೂ ಸೇರಿಕೊಂಡಿದೆ. ಮಕ್ಕಳಿಗೆ ಅದೇ ಇಷ್ಟ. ನನಗೂ ಸುಲಭ. ಬೆಳಿಗ್ಗೆ ಹತ್ತು ನಿಮಿಷದಲ್ಲಿ ಸ್ಕೂಲಿನ ಡಬ್ಬಿ ತುಂಬುತ್ತದೆ.

ಅಪ್ಪನಿಗೆ ಬಿಪಿ ಬಂದ ಮೇಲೆ ನಾನು ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರ ಓದಲು ಶುರು ಮಾಡಿದೆ. ಅವರಿಗೆ ಪಂದಿ ಕರಿ ಕಡಿಮೆ ಮಾಡಿ, ಬದಲಿಗೆ ಎರಡು ಸಾಸೇಜ್ ಕೊಡುತ್ತಿದ್ದೆವು. ಚಿಕ್ಕದಾಗಿದೆ, ಎಣ್ಣೆ ಕಾಣುವುದಿಲ್ಲ, ಹಾಗಾಗಿ ಹಗುರ ಅಂದುಕೊಂಡಿದ್ದೆವು. ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು, ನಾವು ಮಾಡಿದ್ದು ಪೂರ್ತಿ ಉಲ್ಟಾ. ಅದೇ ತಪ್ಪು ಬೇರೆ ಮನೆಗಳಲ್ಲೂ ಆಗುತ್ತಿರಬಹುದು ಅಂತ ಇದನ್ನು ಬರೆಯುತ್ತಿದ್ದೇನೆ. ಹಂದಿ ಬಿಟ್ಟುಬಿಡಿ ಅಂತ ಹೇಳಲು ಅಲ್ಲ. ಕೊಡಗಿನಲ್ಲಿ ಅದು ಆಗುವ ಮಾತೂ ಅಲ್ಲ. ಯಾವುದನ್ನು ಎಷ್ಟು ಸಲ ತಿನ್ನಬಹುದು ಅನ್ನುವುದಷ್ಟೇ ಪ್ರಶ್ನೆ.

ಸಾಸೇಜ್ ಒಳಗೆ ಏನಿದೆ

ಸಾಸೇಜ್ ಅಂದರೆ ಮಾಂಸ ಮತ್ತು ಕೊಬ್ಬನ್ನು ಒಟ್ಟಿಗೆ ಅರೆದು, ಉಪ್ಪು, ಮಸಾಲೆ, ಸ್ವಲ್ಪ ನೀರು ಸೇರಿಸಿ ತೆಳು ಕೊಳವೆಯಲ್ಲಿ ತುಂಬಿದ್ದು. ಕೆಲವದರಲ್ಲಿ ಪಿಷ್ಟ ಅಥವಾ ಸೋಯಾ ಕೂಡ ಇರುತ್ತದೆ. ಇಲ್ಲಿ ಮುಖ್ಯವಾದ ಮಾತು ಒಂದು. ಅರೆದಾಗ ಕೊಬ್ಬು ಕಣ್ಣಿಗೆ ಕಾಣುವುದಿಲ್ಲ. ಕರಿಯಲ್ಲಿ ಕೊಬ್ಬಿನ ತುಂಡು ಸಿಕ್ಕಿದರೆ ತಟ್ಟೆಯ ಪಕ್ಕಕ್ಕೆ ಇಡಬಹುದು. ಸಾಸೇಜಿನಲ್ಲಿ ಆ ದಾರಿ ಇಲ್ಲ.

100 ಗ್ರಾಂ ಹೊಗೆ ಹಾಕಿದ ಹಂದಿ ಸಾಸೇಜಿನಲ್ಲಿ ಸಾಮಾನ್ಯವಾಗಿ 300 ಕ್ಯಾಲರಿಯ ಹತ್ತಿರ ಇರುತ್ತದೆ. ಪ್ರೋಟೀನ್ 12ರಿಂದ 15 ಗ್ರಾಂ. ಕೊಬ್ಬು 25ರಿಂದ 30 ಗ್ರಾಂ. ಅದರಲ್ಲಿ 8ರಿಂದ 10 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, ಅಂದರೆ ತಣ್ಣಗಾದರೆ ಗಟ್ಟಿಯಾಗುವ ಜಾತಿಯದು. ಸೋಡಿಯಂ 800ರಿಂದ 1000 ಮಿಲಿಗ್ರಾಂ, ಕೆಲವದರಲ್ಲಿ ಇನ್ನೂ ಜಾಸ್ತಿ. ಕಂಪನಿಯಿಂದ ಕಂಪನಿಗೆ ಇದು ಬದಲಾಗುತ್ತದೆ.

ಸೋಡಿಯಂ ಅಂದರೆ ಎಷ್ಟು ಉಪ್ಪು ಅಂತ ತಿಳಿಯಲು ಎರಡೂವರೆಯಿಂದ ಗುಣಿಸಿ. 900 ಮಿಲಿಗ್ರಾಂ ಸೋಡಿಯಂ ಅಂದರೆ ಸುಮಾರು ಎರಡು ಕಾಲು ಗ್ರಾಂ ಉಪ್ಪು. ದೊಡ್ಡವರು ದಿನಕ್ಕೆ 5 ಗ್ರಾಂ ಉಪ್ಪಿನ ಒಳಗೆ ಇರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜೊತೆಗೆ ಎರಡು ತುಂಡು ಬ್ರೆಡ್, ಒಂದು ಚಮಚ ಟೊಮೆಟೊ ಸಾಸ್ ಹಾಕಿಕೊಂಡರೆ ಒಂದೇ ತಿಂಡಿಗೆ 3 ಗ್ರಾಂ ದಾಟುತ್ತದೆ. ಇನ್ನು ಮಧ್ಯಾಹ್ನದ ಸಾರು, ಪಲ್ಯ, ಉಪ್ಪಿನಕಾಯಿ ಎಲ್ಲಾ ಬಾಕಿ ಇದೆ. ಅಪ್ಪನ ಬಿಪಿ ಯಾಕೆ ಇಳಿಯುತ್ತಿರಲಿಲ್ಲ ಅಂತ ನನಗೆ ಆಮೇಲೆ ಅರ್ಥವಾಯಿತು.

ಪಂದಿ ಕರಿ: ಯಾವ ಭಾಗದ ಮಾಂಸ ಅನ್ನುವುದೇ ಎಲ್ಲಾ

ಕೊಬ್ಬಿಲ್ಲದ ಹಸಿ ಹಂದಿ ಮಾಂಸ, ಬೆನ್ನಿನ ಭಾಗದ್ದು, 100 ಗ್ರಾಂ ತೆಗೆದುಕೊಳ್ಳಿ. ಸುಮಾರು 140 ಕ್ಯಾಲರಿ, 21 ಗ್ರಾಂ ಪ್ರೋಟೀನ್, 5-6 ಗ್ರಾಂ ಕೊಬ್ಬು. ಸೋಡಿಯಂ ಬರೀ 50-60 ಮಿಲಿಗ್ರಾಂ. ಸಾಸೇಜಿನ ಪಕ್ಕ ಇಟ್ಟರೆ ಪ್ರೋಟೀನ್ ಒಂದೂವರೆ ಪಟ್ಟು, ಕೊಬ್ಬು ಐದನೇ ಒಂದು ಪಾಲು.

ಆದರೆ ಪಂದಿ ಕರಿಗೆ ನಾವು ಬೆನ್ನಿನ ಮಾಂಸವನ್ನು ಮಾತ್ರ ತರುತ್ತೇವಾ? ಇಲ್ಲ. ಚರ್ಮ, ಕೊಬ್ಬು, ಮಾಂಸ ಮೂರೂ ಪದರ ಇರುವ ತುಂಡು ಬೇಕು. ಹೊಟ್ಟೆಯ ಭಾಗದ ಹಸಿ ಮಾಂಸ 100 ಗ್ರಾಂನಲ್ಲಿ 500 ಕ್ಯಾಲರಿ ದಾಟುತ್ತದೆ. ಕೊಬ್ಬೇ 50 ಗ್ರಾಂ ಇರುತ್ತದೆ, ಪ್ರೋಟೀನ್ 9 ಗ್ರಾಂ ಅಷ್ಟೇ. ಅಂದರೆ ಬರೀ ಹೊಟ್ಟೆಭಾಗದಿಂದ ಮಾಡಿದ ಕರಿ ಕೊಬ್ಬಿನಲ್ಲಿ ಸಾಸೇಜನ್ನೂ ಮೀರಿಸುತ್ತದೆ. ಮನೆ ಅಡುಗೆ ಅಂದ ತಕ್ಷಣ ಒಳ್ಳೆಯದು ಅಂತ ಕಣ್ಣು ಮುಚ್ಚಿ ನಂಬಬಾರದು. ಇದನ್ನು ಬರೆಯಲು ನನಗೆ ಸ್ವಲ್ಪ ಕಷ್ಟವೇ ಆಗುತ್ತದೆ, ಆದರೂ ಹೇಳಲೇಬೇಕು.

ಹಿಂದಿನವರು ತಿನ್ನುತ್ತಿರಲಿಲ್ಲವಾ ಅಂತ ಕೇಳುತ್ತಾರೆ. ತಿನ್ನುತ್ತಿದ್ದರು. ಆದರೆ ಆಗಿನ ಮಾಂಸ ಎಷ್ಟೋ ಸಲ ಬೇಟೆಯ ಕಾಡುಹಂದಿಯದು. ಕಾಡಿನಲ್ಲಿ ಓಡಾಡುವ ಹಂದಿಗೆ ಕೊಬ್ಬು ಕಡಿಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಅಪರಾಧ. ಈಗ ನಾವು ತಿನ್ನುವುದು ಗೂಡಿನಲ್ಲಿ ಸಾಕಿದ ಹಂದಿ. ಅಜ್ಜ ಗದ್ದೆಯಲ್ಲಿ ಇಡೀ ದಿನ ನಾಟಿ ಮಾಡಿಸಿ, ಗುಡ್ಡ ಹತ್ತಿ ಇಳಿದು ಬಂದು ಉಣ್ಣುತ್ತಿದ್ದರು. ನಾವು ಜೀಪಿನಲ್ಲಿ ತೋಟಕ್ಕೆ ಹೋಗಿ ಬರುತ್ತೇವೆ. ಕರಿಯ ಹೆಸರು ಅದೇ, ಮಾಂಸವೂ ಬೇರೆ, ತಿನ್ನುವವರ ಮೈಯೂ ಬೇರೆ.

ಹಾಗಿದ್ದರೂ ನನ್ನ ಓಟು ಪಂದಿ ಕರಿಗೇ. ಯಾಕೆಂದರೆ ಅದು ನಮ್ಮ ಕೈಯಲ್ಲಿದೆ. ಅಂಗಡಿಯಲ್ಲಿ ಮುಕ್ಕಾಲು ಪಾಲು ತೊಡೆ ಅಥವಾ ಬೆನ್ನಿನ ಮಾಂಸ, ಕಾಲು ಪಾಲು ಕೊಬ್ಬಿರುವ ತುಂಡು ಕೊಡಿ ಅಂತ ಕೇಳಬಹುದು. ರುಚಿಗೆ ಅಷ್ಟು ಕೊಬ್ಬು ಸಾಕು. ಅರ್ಧ ಕೆಜಿಗೆ ಒಂದು ಚಿಕ್ಕ ಚಮಚ ಉಪ್ಪು ಹಾಕಿ ಐದು ಜನ ಉಂಡರೆ ಒಬ್ಬರಿಗೆ ಸುಮಾರು 1 ಗ್ರಾಂ ಬರುತ್ತದೆ. ಕರಿಗೆ ಹಾಕುವ ಕಾಚಂಪುಳಿಯ (ಹಣ್ಣಿನ ರಸ ಕುದಿಸಿ ಮಾಡುವ ಕಪ್ಪು ದ್ರವ) ಹುಳಿ ಇರುವುದರಿಂದ ಉಪ್ಪು ಸ್ವಲ್ಪ ಕಡಿಮೆಯಾದರೂ ನಾಲಿಗೆಗೆ ಗೊತ್ತಾಗುವುದಿಲ್ಲ. ಕಾಚಂಪುಳಿ ಕೊಬ್ಬು ಕರಗಿಸುತ್ತದೆ ಅಂತ ಹೇಳುವವರಿದ್ದಾರೆ. ಆ ಭರವಸೆಯ ಮೇಲೆ ಎರಡನೇ ಸಲ ಬಡಿಸಿಕೊಳ್ಳಬೇಡಿ. ಅದರ ಕೆಲಸ ರುಚಿ ಕೊಡುವುದು, ಮಾಂಸ ಮೆತ್ತಗಾಗಲು ನೆರವಾಗುವುದು.

ಹಂದಿ ಮಾಂಸದ ಒಂದು ಒಳ್ಳೆಯ ಗುಣ ಬಹಳ ಜನಕ್ಕೆ ಗೊತ್ತಿಲ್ಲ. ಬಿ1 ವಿಟಮಿನ್, ಅಂದರೆ ಥಯಾಮಿನ್, ಬೇರೆ ಮಾಂಸಗಳಿಗಿಂತ ಇದರಲ್ಲಿ ಜಾಸ್ತಿ. 100 ಗ್ರಾಂ ಕೊಬ್ಬಿಲ್ಲದ ಮಾಂಸ ದಿನಕ್ಕೆ ಬೇಕಾದ ಬಿ1ರಲ್ಲಿ ಅರ್ಧದಷ್ಟನ್ನು ಕೊಡಬಲ್ಲದು. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಕಡಿಮೆ ಇರುವುದು ಇದೇ ವಿಟಮಿನ್. ನಮ್ಮ ಕಡಂಬುಟ್ಟು, ನೂಪುಟ್ಟು, ಅಕ್ಕಿ ರೊಟ್ಟಿ ಎಲ್ಲಾ ಅಕ್ಕಿಯದೇ ಅಲ್ವಾ? ಕಡಂಬುಟ್ಟಿಗೆ ಪಂದಿ ಕರಿ ಜೋಡಿಯಾಗಿದ್ದು ಹೊಟ್ಟೆಗೂ ಒಳ್ಳೆಯದೇ ಆಯಿತು. ಬಿ12, ಸತು, ಮೈಗೆ ಬೇಗ ಹಿಡಿಯುವ ಕಬ್ಬಿಣ ಕೂಡ ಸಿಗುತ್ತವೆ. ಸಾಸೇಜಿನಲ್ಲೂ ಇವು ಇವೆ. ಆದರೆ ಮಾಂಸದ ಜಾಗವನ್ನು ಕೊಬ್ಬು, ನೀರು, ಪಿಷ್ಟ ತೆಗೆದುಕೊಂಡಷ್ಟೂ ಕಡಿಮೆಯಾಗುತ್ತವೆ.

ಬಿ1 ನೀರಿನಲ್ಲಿ ಕರಗುತ್ತದೆ, ಹಾಗಾಗಿ ಕರಿಯ ರಸಕ್ಕೆ ಇಳಿದಿರುತ್ತದೆ. ರಸ ಚೆಲ್ಲಬೇಡಿ. ನಾವು ಮಾಡುವುದು ಹೀಗೆ. ಶನಿವಾರ ರಾತ್ರಿಯೇ ಕರಿ ಬೇಯಿಸಿ, ಆರಿದ ಮೇಲೆ ಫ್ರಿಜ್ಜಿನಲ್ಲಿ ಇಡುತ್ತೇವೆ. ಬೆಳಿಗ್ಗೆ ಮೇಲೆ ಕೊಬ್ಬು ಬಿಳಿ ತಟ್ಟೆಯ ಹಾಗೆ ಕಟ್ಟಿರುತ್ತದೆ. ಅದನ್ನು ಚಮಚದಲ್ಲಿ ಎತ್ತಿದರೆ ಆಯಿತು. ವಿಟಮಿನ್ ಕೆಳಗಿನ ರಸದಲ್ಲೇ ಉಳಿಯುತ್ತದೆ. ಒಂದು ರಾತ್ರಿ ಕೂತ ಕರಿಗೆ ರುಚಿಯೂ ಜಾಸ್ತಿ.

ಹೊಗೆ ಮತ್ತು ನೈಟ್ರೈಟ್

ಸಾಸೇಜಿನ ನಸುಗೆಂಪು ಬಣ್ಣ ಹೆಚ್ಚಾಗಿ ಸೋಡಿಯಂ ನೈಟ್ರೈಟ್ ಕೊಟ್ಟದ್ದು. ಪ್ಯಾಕೆಟ್ಟಿನಲ್ಲಿ 250 ಅಂತ ಸಂಖ್ಯೆ ಇರುತ್ತದೆ. ಅದನ್ನು ಸುಮ್ನೆ ಬಣ್ಣಕ್ಕೆ ಹಾಕುವುದಿಲ್ಲ. ಗಾಳಿ ಇಲ್ಲದ ಕಡೆ ಬೆಳೆದು ಜೀವ ತೆಗೆಯುವ ವಿಷ ಮಾಡುವ ಒಂದು ಬ್ಯಾಕ್ಟೀರಿಯಾ ಇದೆ. ಅದರ ಕಾಯಿಲೆಗೆ ಬೊಟುಲಿಸಂ ಅನ್ನುತ್ತಾರೆ. ಲ್ಯಾಟಿನ್‌ನಲ್ಲಿ ಬೊಟುಲಸ್ ಅಂದರೆ ಸಾಸೇಜ್ ಅಂತಲೇ ಅರ್ಥ. ಆ ಅಪಾಯ ತಡೆಯಲು ನೈಟ್ರೈಟ್ ಬೇಕು. ಆದರೆ ಅದೇ ನೈಟ್ರೈಟ್ ಜೋರು ಉರಿಯಲ್ಲಿ ಹುರಿದಾಗ, ಹೊಟ್ಟೆಯ ಒಳಗೂ, ಮಾಂಸದ ಅಂಶಗಳ ಜೊತೆ ಸೇರಿ ನೈಟ್ರೋಸಮೈನ್ ಅನ್ನುವ ವಸ್ತುಗಳಾಗಬಹುದು. ಅವುಗಳಲ್ಲಿ ಹಲವು ಕ್ಯಾನ್ಸರ್ ತರುವಂಥವು.

ಹೊಗೆಯದು ಬೇರೆ ಕಥೆ. ಸೌದೆ ಪೂರ್ತಿ ಉರಿಯದೆ ಹೊಗೆಯಾಡುವಾಗ, ಕೊಬ್ಬು ಕೆಂಡದ ಮೇಲೆ ಹನಿದು ಉರಿದಾಗ, ಪಿಎಎಚ್ ಅನ್ನುವ ಗುಂಪಿನ ವಸ್ತುಗಳು ಹುಟ್ಟಿ ಮಾಂಸಕ್ಕೆ ಅಂಟುತ್ತವೆ. ಅದರಲ್ಲಿ ಬೆಂಜೋಪೈರೀನ್ ಹೆಚ್ಚು ಗೊತ್ತಿರುವ ಹೆಸರು. ಸಿಗರೇಟಿನ ಹೊಗೆಯಲ್ಲೂ ಇರುವುದು ಅದೇ.

2015ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ ಸಂಸ್ಕರಿಸಿದ ಮಾಂಸವನ್ನು ಒಂದನೇ ಗುಂಪಿಗೆ ಸೇರಿಸಿತು. ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅನ್ನಲು ಸಾಕಷ್ಟು ಆಧಾರ ಇದೆ ಅಂತ. ಹಂದಿ, ದನ, ಕುರಿಯ ಹಸಿ ಮಾಂಸವನ್ನು ಅದರ ಕೆಳಗಿನ 2ಎ ಗುಂಪಿನಲ್ಲಿ, 'ಬಹುಶಃ ತರುತ್ತದೆ' ಅನ್ನುವ ಸಾಲಿನಲ್ಲಿ ಇಟ್ಟಿತು. ತಂಬಾಕು ಕೂಡ ಒಂದನೇ ಗುಂಪಿನಲ್ಲೇ ಇದೆ. ಹಾಗಂತ ಸಾಸೇಜ್ ಸಿಗರೇಟಿನಷ್ಟೇ ಕೆಟ್ಟದ್ದು ಅಂತಲ್ಲ. ಆಧಾರ ಎಷ್ಟು ಗಟ್ಟಿ ಅಂತ ಗುಂಪು ಹೇಳುತ್ತದೆ, ಅಪಾಯ ಎಷ್ಟು ದೊಡ್ಡದು ಅಂತ ಹೇಳುವುದಿಲ್ಲ.

ಅಪಾಯದ ಅಳತೆ ಹೀಗಿದೆ. ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಾಧ್ಯತೆ ಸುಮಾರು 18 ಶೇಕಡಾ ಏರುತ್ತದೆ. ಇದನ್ನು ನೂರರಲ್ಲಿ 18 ಜನಕ್ಕೆ ಬರುತ್ತದೆ ಅಂತ ಓದಬೇಡಿ. ಒಂದು ಊರಿನಲ್ಲಿ ಹೇಗೂ 100 ಜನರಲ್ಲಿ 5 ಜನಕ್ಕೆ ಬರುತ್ತಿತ್ತು ಅಂದುಕೊಳ್ಳಿ. ಎಲ್ಲರೂ ದಿನಾ ಅಷ್ಟು ತಿಂದರೆ ಅದು 6ರ ಹತ್ತಿರ ಹೋಗುತ್ತದೆ. ಅಪರೂಪಕ್ಕೆ ತಿಂದವರು ಹೆದರಿ ಕೂರಬೇಕಿಲ್ಲ. ದಿನಾ ಡಬ್ಬಿಗೆ ಹಾಕುವವರು ಯೋಚಿಸಬೇಕು. 50 ಗ್ರಾಂ ಅಂದರೆ ದೊಡ್ಡ ಸಾಸೇಜ್ ಒಂದು, ಅಷ್ಟೇ.

ಕ್ಯಾನ್ಸರ್ ಒಂದೇ ಅಲ್ಲ. ದಿನಾ ಸಂಸ್ಕರಿಸಿದ ಮಾಂಸ ತಿನ್ನುವವರಲ್ಲಿ ಹೃದಯದ ಕಾಯಿಲೆ ಮತ್ತು ಸಕ್ಕರೆ ಕಾಯಿಲೆ ಹೆಚ್ಚು ಕಾಣುತ್ತದೆ ಅಂತಲೂ ಅಧ್ಯಯನಗಳು ಹೇಳುತ್ತವೆ.

ನಮ್ಮ ಒಲೆಯ ಹೊಗೆಗೂ ಇದೇ ಮಾತು

ಇಲ್ಲಿ ನಮ್ಮವರು ಬೇಜಾರು ಮಾಡಿಕೊಳ್ಳುತ್ತಾರೆ. ಒಲೆಯ ಮೇಲೆ ನೇತುಹಾಕಿ ಒಣಗಿಸಿದ ಮಾಂಸದಲ್ಲಿ ಯಾವ ಕೆಮಿಕಲ್ಲೂ ಇಲ್ಲ ಅನ್ನುತ್ತಾರೆ. ನೈಟ್ರೈಟ್ ಇಲ್ಲ, ಸರಿ. ಪಿಷ್ಟ, ಸೋಯಾ ಇಲ್ಲ, ಸರಿ. ಆದರೆ ಹೊಗೆ ಇದೆ, ಉಪ್ಪು ಇದೆ. ಐಎಆರ್‌ಸಿ ಲೆಕ್ಕದಲ್ಲಿ ಉಪ್ಪು ಹಾಕಿ ಇಟ್ಟದ್ದು, ಹುದುಗಿಸಿದ್ದು, ಹೊಗೆ ಹಾಕಿದ್ದು ಎಲ್ಲವೂ ಸಂಸ್ಕರಿಸಿದ ಮಾಂಸವೇ. ಕಾರ್ಖಾನೆಯ ಹೊಗೆ, ಅಜ್ಜಿಯ ಒಲೆಯ ಹೊಗೆ ಅಂತ ಭೇದ ಇಲ್ಲ.

ವ್ಯತ್ಯಾಸ ಇರುವುದು ಮಾಡುವ ರೀತಿಯಲ್ಲಿ. ಮಾಂಸ ಉರಿಗೆ ಹತ್ತಿರ ಇದ್ದು ಕೊಬ್ಬು ಕೆಂಡಕ್ಕೆ ಹನಿಯುತ್ತಿದ್ದರೆ ಕೆಟ್ಟದ್ದು ಜಾಸ್ತಿ. ಎತ್ತರದಲ್ಲಿದ್ದು, ತಣ್ಣಗಿನ ತೆಳು ಹೊಗೆ ತಾಗುತ್ತಿದ್ದರೆ ಕಡಿಮೆ. ಕೊಬ್ಬಿಲ್ಲದ ತುಂಡು ಒಣಗಿಸುವುದು ಒಳ್ಳೆಯದು. ಒಣಗಿದ ಕಾಫಿ ಗಿಡದ ಸೌದೆ ಸರಿ. ಅಂಟು ಸುರಿಯುವ ಮರ, ಪೇಂಟ್ ಹಚ್ಚಿದ ಹಲಗೆ ಬೇಡ. ಒಲೆ ಹೊತ್ತಿಸಲು ಪ್ಲಾಸ್ಟಿಕ್ ಹಾಕುವ ಅಭ್ಯಾಸ ಇದ್ದರೆ ಆ ಒಲೆಯ ಮೇಲೆ ಮಾಂಸ ಕಟ್ಟಲೇಬೇಡಿ.

ಅಡುಗೆಗೆ ಮುಂಚೆ ಅವ್ವ ಮಾಡುವ ಕೆಲಸವನ್ನು ಬಿಡಬೇಡಿ. ಬಿಸಿ ನೀರಿನಲ್ಲಿ ನೆನೆಸಿ, ಮಸಿ ಉಜ್ಜಿ ತೊಳೆದು, ಒಂದು ಸಲ ಕುದಿಸಿ ಆ ನೀರು ಚೆಲ್ಲುತ್ತಾರೆ. ಹೊಗೆಯ ವಸ್ತುಗಳು ಹೆಚ್ಚಾಗಿ ಮೇಲ್ಮೈಯಲ್ಲೇ ಇರುವುದರಿಂದ ಉಜ್ಜಿದರೆ ಒಂದಷ್ಟು ಹೋಗುತ್ತವೆ. ಕುದಿಸಿದ ನೀರಿನಲ್ಲಿ ಉಪ್ಪೂ ಇಳಿಯುತ್ತದೆ. ಮಳೆಗಾಲದ ತೇವಕ್ಕೆ ತುಂಡಿನ ಮೇಲೆ ಬೂಷ್ಟು ಬಂದಿದ್ದರೆ ಕೆರೆದು ಉಳಿಸಿಕೊಳ್ಳಬೇಡಿ, ಎಸೆದುಬಿಡಿ. ಇನ್ನೊಂದು ಮಾತು. ಒಲೆಯ ಹೊಗೆ ಮಾಂಸವನ್ನು ಒಣಗಿಸುತ್ತದೆ, ಒಳಗಿನವರೆಗೆ ಬೇಯಿಸುವುದಿಲ್ಲ. ಹಾಗಾಗಿ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ಸಾಸೇಜಿಗೂ ಮನೆಯ ಒಣ ಮಾಂಸಕ್ಕೂ ಹೋಲಿಸಿದರೆ ನಾನು ಒಣ ಮಾಂಸವನ್ನೇ ಆರಿಸುತ್ತೇನೆ. ಅದು ಮಾಂಸವೇ, ಕೊಬ್ಬು ಕಡಿಮೆ. ಜೊತೆಗೆ ಅದನ್ನು ಯಾರೂ ದಿನಾ ತಿನ್ನುವುದಿಲ್ಲ. ಈರುಳ್ಳಿ, ಮೆಣಸಿನ ಜೊತೆ ಹುರಿದ ನಾಲ್ಕು ತುಂಡು ಒಂದು ಊಟಕ್ಕೆ ಸಾಕಾಗುತ್ತದೆ. ಉಪ್ಪಿನಕಾಯಿಯ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಎಣ್ಣೆ, ಉಪ್ಪು ಎರಡೂ ತುಂಬಿದೆ. ಒಂದು ಚಮಚಕ್ಕೆ ನಿಲ್ಲಿಸುವವರಿಗೆ ತೊಂದರೆ ಇಲ್ಲ. ಬಿಪಿ ಇರುವವರಿಗೆ ಬೇಡ.

ಸಾಸೇಜೇ ಬೇಕು ಅಂದರೆ

ಮಕ್ಕಳು ಕೇಳುತ್ತಾರೆ, ನೆಂಟರು ಬರುತ್ತಾರೆ, ತರಬೇಕಾಗುತ್ತದೆ. ಆಗ ಪ್ಯಾಕೆಟ್ ತಿರುಗಿಸಿ ಎರಡು ನಿಮಿಷ ಓದಿ. ಹಾಕಿದ ಸಾಮಾನುಗಳನ್ನು ತೂಕದಲ್ಲಿ ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಬರೆದಿರುತ್ತಾರೆ. ಮೊದಲ ಹೆಸರು ಹಂದಿ ಮಾಂಸ ಆಗಿರಬೇಕು. ಕೊಬ್ಬು, ನೀರು, ಪಿಷ್ಟ ಬೇಗ ಬೇಗ ಬಂದರೆ ಅದು ಬೇಡ. 'ಪೋರ್ಕ್' ಅಂತ ದೊಡ್ಡದಾಗಿ ಬರೆದು ಒಳಗೆ ಕೋಳಿಯನ್ನೂ ಸೇರಿಸಿದ್ದು ಇರುತ್ತದೆ, ನೋಡಿ. 100 ಗ್ರಾಂನ ಸೋಡಿಯಂ ಸಾಲನ್ನು ಎರಡು ಪ್ಯಾಕೆಟ್ ಪಕ್ಕ ಇಟ್ಟು ಹೋಲಿಸಿ. ಕಡಿಮೆ ಇರುವುದನ್ನು ತೆಗೆದುಕೊಳ್ಳಿ. ನಾನು ಮೊದಲು ನೋಡುವುದು ಈ ಸಾಲನ್ನೇ.

451, 452 ಅನ್ನುವ ಸಂಖ್ಯೆಗಳು ಫಾಸ್ಫೇಟ್. ನೀರು ಹಿಡಿದಿಡಲು ಹಾಕುತ್ತಾರೆ. ಕಿಡ್ನಿ ತೊಂದರೆ ಇರುವವರಿಗೆ ಫಾಸ್ಫೇಟ್ ಒಳ್ಳೆಯದಲ್ಲ. 'ಸ್ಮೋಕ್ ಫ್ಲೇವರ್' ಅಂತ ಇದ್ದರೆ ಹೊಗೆಯ ರುಚಿಯನ್ನು ಬೇರೆಯಾಗಿ ಸೇರಿಸಿದ್ದಾರೆ ಅಂತ ಅರ್ಥ. 'ನೈಟ್ರೈಟ್ ಸೇರಿಸಿಲ್ಲ' ಅಂತ ಬರೆದು ಸೆಲರಿ ಪುಡಿ ಹಾಕಿದ್ದರೆ ಸಮಾಧಾನ ಪಡಬೇಡಿ. ಸೆಲರಿಯಲ್ಲೂ ನೈಟ್ರೇಟ್ ಇದೆ, ಕೆಲಸ ಅದೇ ಮಾಡುತ್ತದೆ.

ಹೊಗೆ ಹಾಕದ, ನೈಟ್ರೈಟ್ ಇಲ್ಲದ ಹಸಿ ಸಾಸೇಜ್ ಸಿಕ್ಕಿದರೆ ಅದು ಸ್ವಲ್ಪ ಮೇಲು. ಆದರೆ ಕೊಬ್ಬು, ಉಪ್ಪು ಅಲ್ಲೂ ಇದೆ, ಪೂರ್ತಿ ಬೇಯಿಸಲೇಬೇಕು. ಅರೆದ ಹಂದಿ ಮಾಂಸದ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಬಣ್ಣ ನೋಡಿ ನಂಬಬೇಡಿ. ನೈಟ್ರೈಟ್ ಹಾಕಿದ್ದು ಬೆಂದ ಮೇಲೂ ಕೆಂಪಾಗಿಯೇ ಇರುತ್ತದೆ. ಮುರಿದರೆ ನಡುವಿನಿಂದ ಹಬೆ ಏಳಬೇಕು. ಸರಿಯಾಗಿ ಬೇಯದ ಹಂದಿ ಮಾಂಸದಿಂದ ಕರುಳಿಗೆ ಲಾಡಿಹುಳು ಸೇರಬಹುದು. ಮಿದುಳಿಗೆ ಗಂಟಾಗಿ ಫಿಟ್ಸ್ ತರುವುದು ಆ ಹುಳದ ಮೊಟ್ಟೆ. ಅದು ಮಾಂಸದಿಂದ ಅಲ್ಲ, ಹುಳ ಇರುವವರ ಮಲದಿಂದ ಕೈಗೆ, ತರಕಾರಿಗೆ, ನೀರಿಗೆ ಸೇರಿ ಹೊಟ್ಟೆಗೆ ಹೋಗುತ್ತದೆ. ಹಾಗಾಗಿ ಬೇಯಿಸುವುದರ ಜೊತೆ ಶೌಚಾಲಯದ ನಂತರ ಸೋಪಿನಲ್ಲಿ ಕೈ ತೊಳೆಯುವುದೂ ಅಷ್ಟೇ ಮುಖ್ಯ.

ಬಾಣಲೆಯಲ್ಲಿ ಕಪ್ಪಾಗುವವರೆಗೆ ಹುರಿಯುವುದು ಬೇಡ. ನಾನು ನೀರಿನಲ್ಲಿ ಐದು ನಿಮಿಷ ಕುದಿಸಿ, ನೀರು ಚೆಲ್ಲಿ, ಆಮೇಲೆ ಸಣ್ಣ ಉರಿಯಲ್ಲಿ ಬರೀ ಬಣ್ಣ ಬರುವಷ್ಟು ಬಾಡಿಸುತ್ತೇನೆ. ಜೊತೆಗೆ ಸೊಪ್ಪು ಅಥವಾ ಎಲೆಕೋಸಿನ ಪಲ್ಯ, ಆಮೇಲೆ ಒಂದು ಕಿತ್ತಳೆ. ಸಿ ವಿಟಮಿನ್ ಹೊಟ್ಟೆಯಲ್ಲಿ ನೈಟ್ರೋಸಮೈನ್ ಆಗುವುದನ್ನು ಸ್ವಲ್ಪ ತಡೆಯುತ್ತದೆ, ಪೂರ್ತಿ ಅಲ್ಲ. ಸಾಸೇಜಿನಲ್ಲಿ ಇಲ್ಲದ ನಾರಿನಂಶ ತರಕಾರಿಯಿಂದ ಬರುತ್ತದೆ. ಸಣ್ಣ ಮಕ್ಕಳಿಗೆ ದುಂಡಗೆ ಹೆಚ್ಚಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ. ಗರ್ಭಿಣಿಯರು ಪ್ಯಾಕೆಟ್ಟಿನಿಂದ ತೆಗೆದು ತಣ್ಣಗೆ ತಿನ್ನಲೇಬಾರದು. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಇದು ದಿನದ ಆಹಾರವಲ್ಲ.

ಎಷ್ಟು ಸಲ ಅಂದರೆ, ನಮ್ಮ ಮನೆಯಲ್ಲಿ ಈಗ ಸಾಸೇಜ್ ತಿಂಗಳಿಗೆ ಎರಡು ಸಲ, ಮಕ್ಕಳಿಗೆ ತಲಾ ಒಂದು. ಹಸಿ ಮಾಂಸದ ಕರಿ ವಾರಕ್ಕೊಂದು ದಿನ. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಕೆಂಪು ಮಾಂಸವನ್ನು ವಾರಕ್ಕೆ ಬೆಂದ ಮೇಲಿನ ತೂಕದಲ್ಲಿ 350ರಿಂದ 500 ಗ್ರಾಂ ದಾಟಬೇಡಿ ಅನ್ನುತ್ತದೆ. ಸಂಸ್ಕರಿಸಿದ್ದು ಆದಷ್ಟು ಕಡಿಮೆ, ಇಲ್ಲದಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ. ಹಂದಿ ಕೂಡ ಕೆಂಪು ಮಾಂಸದ ಲೆಕ್ಕಕ್ಕೇ ಬರುತ್ತದೆ. ಕೈಲ್‌ಪೊಳ್ದ್ ಹಬ್ಬದ ದಿನ ಅಪ್ಪ ಅಳತೆ ನೋಡುವುದಿಲ್ಲ, ನಾನೂ ಕೇಳುವುದಿಲ್ಲ. ಉಳಿದ ವಾರಗಳಲ್ಲಿ ಕೇಳುತ್ತೇನೆ.

ಕೊನೆಗೆ ಕರೆಂಟಿನ ವಿಷಯ. ನಮ್ಮ ಕಡೆ ಜುಲೈ, ಆಗಸ್ಟಿನಲ್ಲಿ ಮರ ಬಿದ್ದರೆ ಎರಡು ಮೂರು ದಿನ ಲೈನ್ ಬರುವುದಿಲ್ಲ. ಫ್ರೀಜರ್ ಸಾಸೇಜ್ ಮೈನಸ್ 18 ಡಿಗ್ರಿಯಲ್ಲಿ ಇರಬೇಕಾದದ್ದು. ಅಂಗಡಿಯಲ್ಲಿ ಪ್ಯಾಕೆಟ್ ಒಳಗೆ ದಪ್ಪ ಮಂಜು ಕಟ್ಟಿದ್ದರೆ, ಸಾಸೇಜುಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗಿದ್ದರೆ, ಕರಗಿ ಮತ್ತೆ ಹೆಪ್ಪುಗಟ್ಟಿರಬಹುದು. ಅದನ್ನು ಬಿಡಿ. ಮನೆಯಲ್ಲಿ ಕರೆಂಟ್ ಹೋದಾಗ ಫ್ರೀಜರ್ ಬಾಗಿಲು ತೆಗೆಯಬೇಡಿ. ಪೂರ್ತಿ ತುಂಬಿದ ಫ್ರೀಜರ್ ಎರಡು ದಿನದವರೆಗೆ ತಣ್ಣಗಿರುತ್ತದೆ, ಅರ್ಧ ತುಂಬಿದ್ದು ಒಂದು ದಿನ. ಆಮೇಲೆ ತೆಗೆದಾಗ ಇನ್ನೂ ಐಸ್ ಇದ್ದರೆ ಅವತ್ತೇ ಬೇಯಿಸಿಬಿಡಿ. ಮೆತ್ತಗಾಗಿ ಎಷ್ಟು ಹೊತ್ತಾಯಿತು ಅಂತ ಗೊತ್ತಿಲ್ಲದಿದ್ದರೆ ಎಸೆಯಿರಿ. ಹೋದ ವರ್ಷ ನಾನು ಹಾಗೆ ಒಂದು ಕೆಜಿ ಎಸೆದೆ. ಮಳೆಗಾಲಕ್ಕೆ ಈಗ ಸಾಸೇಜ್ ತಂದಿಡುವುದನ್ನೇ ಬಿಟ್ಟಿದ್ದೇನೆ.